ಗೋಡೆಯ ಮೇಲಿನ ಊರುಗೋಲು

ಪೂಜ್ಯ ಪಾಸ್ಟರ್ ಅವರಿಗೆ ವಂದನೆಗಳು.

ನೀವು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ದಿನ ನಮ್ಮ ಯಜಮಾನರು ಕೋಲಿಲ್ಲದೆ ನಡೆದದ್ದು ನಿಜ. ದೇವರ ಶಕ್ತಿಗೆ ಸಾಕ್ಷಿಯೆಂದು ಆ ಊರುಗೋಲನ್ನು ಶಿಲುಬೆಯ ಪಕ್ಕದ ಗೋಡೆಗೆ ತೂಗುಹಾಕಿದಿರಿ. ಮಾರನೆಯ ದಿನವೇ ಅವರು ಬಚ್ಚಲಲ್ಲಿ ಬಿದ್ದರು. ಬೇರೆ ಕೋಲು ತರಲು ಬಿಡಲಿಲ್ಲ. “ಯಾರಾದ್ರೂ ನೋಡಿದ್ರೆ ದೇವರಿಗೆ ಕೆಟ್ಟ ಹೆಸರು ಕಣೇ” ಎಂದರು. ಅಂದಿನಿಂದ ನನ್ನ ಹೆಗಲನ್ನೇ ಊರಿಕೊಳ್ಳುತ್ತಾರೆ.

ನಿನ್ನೆ ಊಟದ ನಡುವೆ ಅಂದರು: “ಕೆಳಗಿಳಿ ನೋಡೋಣ ಅಂತ ಎಲ್ರೂ ಅಣಕಿಸಿದ್ರೂ ಯೇಸು ಶಿಲುಬೆಯಿಂದ ಇಳೀಲಿಲ್ಲ. ಅದೂ ಶಕ್ತೀನೇ ತಾನೆ? ನನ್ ಕೋಲು ತರ್ಸು.”

ದಯವಿಟ್ಟು ಕಳುಹಿಸಿಕೊಡಿ. ಅದರ ತುದಿಯ ರಬ್ಬರ್ ಸವೆದಿತ್ತು, ಹೊಸದು ತಂದಿಟ್ಟಿದ್ದೇನೆ. ಭಾನುವಾರದ ಆರಾಧನೆಗೆ ಅದನ್ನೇ ಊರಿಕೊಂಡು ಬರುತ್ತಾರಂತೆ. ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ.

ಇತಿ,
ನಿಮ್ಮ ಸಭೆಯ ಬಡಗಿಯ ಹೆಂಡತಿ