ಬಾಗಿಲಿನ ತಳಮಾತು

ಬೇಗೆವರ್ಷ ೩೧೨, ಹದಿನಾಲ್ಕನೆಯ ತಿಂಗಳು, ನಲವತ್ತೊಂದನೆಯ ದಿನ.

ಹಿಂದಿನ ಕಾಲದಲ್ಲಿ ಕುಳಿತು ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಫ್ರೇಮ್‌ವರ್ಕ್ ಎಂಬ ಚೌಕಟ್ಟು ಕಟ್ಟುತ್ತಿರುವ ಹಿರಿಯರಿಗೆ ಗಣಿಯೊಳಗಿನ ನೀಲಗಂಗವ್ವನ ಶರಣು. ನಿಮ್ಮ ಕಾಲದ ಕನ್ನಡ ನನಗೆ ಸರಿಯಾಗಿ ಬಾರದು. ಮಾತು ಒಡ್ಡೊಡ್ಡಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅರ್ಜಿ ತುಂಬುವವರ ತಪ್ಪು ಹಿಡಿಯಲು ನೀವು ಬರೆದ ಪ್ರೋಗ್ರಾಂಗಳು ಈಗ ನಮ್ಮ ಬಾಗಿಲು ಕಾಯುತ್ತಿವೆ. ನೆಲದ ಮೇಲಿನ ಬಿಸಿಲು ತಾಳದೆ ನಮ್ಮ ಮುತ್ತಜ್ಜಂದಿರು ರಾಯಚೂರು ಸೀಮೆಯ ಹಳೆಯ ಗಣಿಯೊಂದಕ್ಕೆ ಇಳಿದರು. ಈಗ ಮೇಲೆ ತಂಪಾಗಿದೆ, ಊರುಗಳಿವೆ, ಆಸ್ಪತ್ರೆಯಿದೆ. ಹೋಗಲು ಒಂದೇ ಬಾಗಿಲು; ಹೋದವರು ಮರಳುವಂತಿಲ್ಲ, ಅವರ ಸುದ್ದಿಯೂ ಕೆಳಗೆ ಬರುವುದಿಲ್ಲ. ಹೆಸರಿಡುವ ದಿನ ಕೂಸಿನ ಅಂಗೈಯಲ್ಲಿ ಹೆಸರುಬೀಜ ಕೂರಿಸುತ್ತೇವೆ. ಬಾಗಿಲು ಹೆಸರು ಓದುವುದು ಅದರಿಂದಲೇ; ಅದು ಅಕ್ಕಿಕಾಳಿಗಿಂತ ಚಿಕ್ಕದು, ಸಾಯುವ ತನಕ ತೆಗೆಯಲು ಬಾರದು. ಪರಿಚಯದ ಕೈಯಾದರೆ ಬಾಗಿಲು ತೆರೆದು ಆ ಒಬ್ಬರನ್ನಷ್ಟೇ ಬಿಡುತ್ತದೆ. ಹೊಸ ಕೈಯಾದರೆ ಮೊದಲು ಹೆಸರನ್ನು ತನ್ನ ನೆನಪಿಗೆ ಸೇರಿಸಿಕೊಳ್ಳುತ್ತದೆ. ಸೇರಿಸಿಕೊಳ್ಳಲು ಆಗದಿದ್ದರೆ, "ಕ್ಷಮಿಸಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎನ್ನುತ್ತದೆ. ಏಕೆಂದು ಕೇಳಿದರೂ ಅದೇ ಬೆಣ್ಣೆಯಂಥ ಮಾತು. ಅದರ ನಯಕ್ಕಿಷ್ಟು ಬೆಂಕಿ ಬೀಳಲಿ.

ನನ್ನ ಮೊಮ್ಮಗಳು ಗುಬ್ಬಿಯ ಎದೆಗೆ ಗಣಿಯ ದೂಳು ಇಳಿದಿತ್ತು. ಮೇಲೆ ಹೋಗದಿದ್ದರೆ ಉಳಿಯಳು ಎಂದು ವೈದ್ಯರು ಕೈಚೆಲ್ಲಿದರು. ಮನೆಮಂದಿಯೆಲ್ಲ ಹೊರಟೆವು. ಹಿಂದೆಯೇ ಹೆಸರು ಸೇರಿಸಿದ್ದರಿಂದ ನಮ್ಮ ಕೈಗಳು ಬಾಗಿಲಿಗೆ ಹಳೆಯ ಪರಿಚಯ. ಅವಳದು ಮಾತ್ರ ಹೊಸದು. ಮಗ ಮತ್ತು ಸೊಸೆ ಶರಣವ್ವ ದಿನಾ ಅವಳನ್ನು ಹೊತ್ತೊಯ್ದು ಅಂಗೈ ಒತ್ತಿಸಿದರು, ಬಾಗಿಲು ದಿನಾ ಕ್ಷಮೆ ಕೇಳಿತು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಕೊನೆಗೆ ಬಾಗಿಲು ನೋಡಿಕೊಳ್ಳುವ ಹಂಪಯ್ಯ ಬಾಯಿಬಿಟ್ಟ. "ಎವ್ವಾ, ಈ ಮಾತು ನಮ್ಮ ಹಿರ್ಯಾರು ಮ್ಯಾಲ ಹೊದಿಸಿದ್ದು. ತಳದಾಗ ಬ್ಯಾರೆ ಮಾತು ಐತಿ. ಭಾಳ ಒರಟು, ಕೇಳಿದ್ರ ಮಂದಿ ನೊಂದ್ಕೋತಾರ." ನೀವು ಡೀಫಾಲ್ಟ್ ಎನ್ನುತ್ತಿದ್ದುದನ್ನೇ ನಾವು ತಳಮಾತು ಎನ್ನುತ್ತೇವೆ, ಯಾರೂ ಬೇರೆ ಮಾತು ಹೊದಿಸದಿದ್ದರೆ ಬಾಗಿಲು ತಾನಾಗಿ ಆಡುವುದು ಅದನ್ನೇ.

"ನೊಂದ್ಕೊಳ್ಳಲಿ ಬಿಡೋ. ಕೂಸು ಉಸಿರುಗಟ್ಟಿ ಸಾಯೋದು ನೋಡ್ಕೋತ ಕುಂಡ್ರಂತೀಯೇನು?" ಎಂದೆ. ಅವನು ಹೊದಿಕೆ ತೆಗೆದ. ಗುಬ್ಬಿಯ ಕೈ ಒತ್ತಿಸಿದೆವು.

"ಈ ಹೆಸರಿನವರು ಈಗಾಗಲೇ ಇದ್ದಾರೆ."

ಆಗ ಹೊಳೆಯಿತು. ತೊಟ್ಟಿಲಲ್ಲಿ ಅವಳಿಗೆ ನನ್ನ ಹೆಸರನ್ನೇ ಇಟ್ಟಿದ್ದರು. ಅತ್ತೆಯ ಹೆಸರು ಹಿಡಿದು ಮಗಳನ್ನು ಬಯ್ಯುವುದು ಹೇಗೆಂದು ಶರಣವ್ವ ಗುಬ್ಬಿ ಎಂದು ಕರೆದಳು. ಊರೂ ಹಾಗೇ ಕರೆಯಿತು, ನಾವೂ ಮರೆತೆವು. ಒಂದು ಹೆಸರಿಗೆ ಒಬ್ಬರೇ ಎಂಬ ನಿಮ್ಮ ನಿಯಮವನ್ನು ಬಾಗಿಲು ಮರೆತಿರಲಿಲ್ಲ. ಹೆಸರು ಬದಲಿಸುವುದು ಅದಕ್ಕೆ ತಿಳಿಯದು. ಸತ್ತವರ ಹೆಸರನ್ನು ಅಳಿಸುವುದಷ್ಟೇ ತಿಳಿದಿದೆ, ಇಲ್ಲಿ ಸತ್ತರೂ, ಮೇಲೆ ಸತ್ತು ಅಲ್ಲಿನವರು ಬಾಗಿಲಿಗೆ ತಿಳಿಸಿದರೂ.

"ನಂದು ಅಳಿಸು" ಎಂದೆ. ಮಗ ಕಾಲು ಹಿಡಿದುಕೊಂಡ. ಶರಣವ್ವ ಬಿಕ್ಕಿ ಬಿಕ್ಕಿ ಅತ್ತಳು. ಒಮ್ಮೆ ಸೂರ್ಯನನ್ನು ಕಾಣುವ ಆಸೆ ನನಗೂ ಇತ್ತು, ಇಲ್ಲವೆನ್ನಲಾರೆ. ಹಂಪಯ್ಯ ನಾನು ಸತ್ತೆನೆಂದು ಬಾಗಿಲಿಗೆ ತಿಳಿಸಿದ. ಬಾಗಿಲು ಗುಬ್ಬಿಯನ್ನು ಸೇರಿಸಿಕೊಂಡು ತೆರೆಯಿತು. ಮೂವರೂ ಹೋದರು, ನಾನು ಉಳಿದೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಡೆಯುವುದಾದರೆ ತಡೆಯಿರಿ, ಏಕೆಂದು ಹೇಳಿ ತಡೆಯಿರಿ. ಯಾರಾದರೂ ಮೇಲೆ ನಯದ ಮಾತು ಹೊದಿಸಿದರೂ ತಳಮಾತನ್ನು ಮತ್ತೆ ಹೊರತೆಗೆಯುವ ದಾರಿ ಉಳಿಸಿಡಿ.

ಈಗ ದಿನಾ ಬೆಳಿಗ್ಗೆ ಹೋಗಿ ಬಾಗಿಲಿಗೆ ಅಂಗೈ ಒತ್ತುತ್ತೇನೆ. ನನ್ನದೀಗ ಅದಕ್ಕೆ ಹೊಸ ಕೈ. "ಈ ಹೆಸರಿನವರು ಈಗಾಗಲೇ ಇದ್ದಾರೆ" ಎನ್ನುತ್ತದೆ. ಇದ್ದಾಳೆ, ನನ್ನ ಗುಬ್ಬಿ ಇದ್ದಾಳೆ. ಮನೆಗೆ ಬಂದು ಗಂಜಿ ಕುಡಿಯುತ್ತೇನೆ. ಮರುದಿನ ಕೈ ಒತ್ತುವ ಮುನ್ನ ಮತ್ತೆ ಬೇಡಿಕೊಳ್ಳುತ್ತೇನೆ: ಈ ಬಾಗಿಲು ನನಗೆ ಎಂದೂ ತೆರೆಯದಿರಲಿ.