ಬೀರುವಿನೊಳಗೆ ಕ್ಷೇಮವಾಗಿರುವ ಹೆಲ್ಮೆಟ್ಟಿನ ಬಗ್ಗೆ

ಮಾನ್ಯ ಕಾರ್ಖಾನೆ ಸುರಕ್ಷತಾ ಅಧಿಕಾರಿಗಳೇ,

ತಾವು ತಪಾಸಣೆಗೆ ಬಂದು ಹೋದ ಮೇಲೆ ನಮ್ಮ ಕಾರ್ಖಾನೆಯಲ್ಲಿ ಒಂದು ವಸ್ತುವಂತೂ ಸಂಪೂರ್ಣ ಸುರಕ್ಷಿತವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಅದು ವೆಲ್ಡಿಂಗ್ ಹೆಲ್ಮೆಟ್. ಮಾಲೀಕರ ಕೋಣೆಯ ಗಾಜಿನ ಬೀರುವಿನಲ್ಲಿ, ಬೀಗದೊಳಗೆ, ಒಂದು ಕಿಡಿಯೂ ಸೋಕದಂತೆ ಕುಳಿತಿದೆ. ಅದರೊಳಗೆ ಇರಬೇಕಾದ ತಲೆ ಮಾತ್ರ ಹೊರಗೆ ಶೆಡ್ಡಿನಲ್ಲಿ ಬರಿಗಣ್ಣು ಬಿಟ್ಟುಕೊಂಡು ಕಬ್ಬಿಣದ ಮೇಲೆ ಬಗ್ಗಿದೆ. ಆ ತಲೆ ನನ್ನ ಗಂಡನದು. ಆದ್ದರಿಂದ ಈ ಪತ್ರ.

ತಾವು ಬರುವ ಸುದ್ದಿ ತಮಗಿಂತ ಮೊದಲೇ ಬರುತ್ತದೆ. ಅಂದು ಊಟದ ಡಬ್ಬಿ ಕೊಡಲು ಹೋದ ನಾನು, ತಾವು ಬರುವ ಮುನ್ನ ನಡೆದ ತಾಲೀಮನ್ನೂ ನೋಡಿದೆ. ಬೀರುವಿನ ಬೀಗ ತೆಗೆದರು. ಹೆಲ್ಮೆಟ್, ಚರ್ಮದ ಕೈಗವಸು, ಏಪ್ರನ್ ಎಲ್ಲವೂ ಮದುಮಗನ ಒಡವೆಗಳಂತೆ ಇವರ ಮೈಮೇಲೆ ಏರಿದವು. ಹೆಲ್ಮೆಟ್ಟಿನ ಗಾಜಿಗೆ ಅಂಗಡಿಯಲ್ಲಿ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೆಯೇ ಇತ್ತು. ಇವರು ಉಗುರಿನಿಂದ ಅದರ ತುದಿ ಎಬ್ಬಿಸಿದ್ದೇ ತಡ, ಮಾಲೀಕರು ಹೌಹಾರಿದರು.

"ಅಯ್ಯೋ, ಕೀಳ್ಬೇಡಪ್ಪಾ! ಗಾಜಿಗೆ ಗೀರು ಬಿದ್ರೆ ಮುಂದಿನ ಸಲ ಏನ್ ತೋರಿಸೋದು?"

"ಎಲ್ಲಾ ಮಬ್ಬು ಸಾರ್. ಬೆಸುಗೆ ಎಲ್ಲಿ ಬೀಳ್ತಿದೆ ಅಂತ ಗೊತ್ತಾಗಲ್ಲ."

"ಫೋಟೋದಲ್ಲಿ ನೀನು ಕಾಣಿಸಿದ್ರೆ ಸಾಕು. ನಿನಗ್ಯಾಕೆ ಕಾಣಿಸ್ಬೇಕು?"

ತಾವು ದಯಮಾಡಿಸಿದಿರಿ. ಫೋಟೋ ತೆಗೆದು "ಭೇಷ್" ಎಂದು ಬೆನ್ನು ತಟ್ಟಿದಿರಿ, ಮಾಲೀಕರ ಬೆನ್ನು. ಹೊಗೆ ಹೀರುವ ಫ್ಯಾನ್ ಎಲ್ಲಿ ಎಂದು ಕೇಳಲಿಲ್ಲ. ಹೊಗೆಗೆ ಮದ್ದೆಂದು ದಿನವೂ ಒಂದು ಲೋಟ ಹಾಲು ಕೊಡುತ್ತೇವೆಂದು ಮಾಲೀಕರು ಹೇಳಿದಾಗ ತೃಪ್ತಿಯಿಂದ ತಲೆಯಾಡಿಸಿದಿರಿ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಇಳಿಯುವುದು ಹೊಟ್ಟೆಗೆ. ಇವೆರಡೂ ಎಲ್ಲಿ ಭೇಟಿಯಾಗಿ ರಾಜಿ ಮಾಡಿಕೊಳ್ಳುತ್ತವೆ ಎಂದು ತಾವೇ ವಿವರಿಸಬೇಕು. ಸತು ಲೇಪಿಸಿದ ಪೈಪು ಬೆಸೆದ ದಿನ ಇವರು ಹಾಲು ಕುಡಿದೇ ಮನೆಗೆ ಬಂದು, ಜ್ವರದಲ್ಲಿ ಗಡಗಡ ನಡುಗುತ್ತಾರೆ.

ಆಮೇಲೆ ತಮಗೆ ಫೋಟೋ ಸಪ್ಪೆ ಅನ್ನಿಸಿತು. "ಸ್ವಲ್ಪ ಕಿಡಿ ಹಾರ್ಲಿ, ಕಳೆ ಬರುತ್ತೆ" ಎಂದಿರಿ. ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಮೊಬೈಲು ಹಿಡಿದು, ಆ ಬೆಳಕನ್ನು ಹತ್ತಿರದಿಂದ ನೋಡಿಯೇ ನೋಡಿದಿರಿ. ಬಿಸಿಲಿಗೆ ಹಾಕುವ ಕನ್ನಡಕ ಬೆಸುಗೆಯ ಬೆಳಕನ್ನು ತಡೆಯುವುದಿಲ್ಲ ಎಂದು ಸುರಕ್ಷತಾ ಅಧಿಕಾರಿಗೆ ಹೇಳುವ ಧೈರ್ಯ ಯಾರಿಗಿದೆ?

ಮರುದಿನ ಮಾಲೀಕರ ಫೋನು ನಮ್ಮ ಮನೆಗೇ ಬಂತು.

"ಸಾಹೇಬ್ರ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯಂತೆ. ಕಣ್ಣು ಬಿಡೋಕೇ ಆಗ್ತಿಲ್ವಂತೆ. ನೀವೆಲ್ಲಾ ಏನ್ ಮಾಡ್ಕೊಳ್ತೀರಪ್ಪಾ?"

"ಏನಿದೆ ಸಾರ್, ಒದ್ದೆ ಬಟ್ಟೆ ಹಾಕ್ಕೊಂಡು ಮಲಗ್ತೀವಿ. ಬೆಳಿಗ್ಗೆ ಎದ್ದು ಕೆಲಸಕ್ಕೆ ಬರ್ತೀವಿ" ಎಂದರು ಇವರು. ವ್ಯಂಗ್ಯವಾಡಲು ಇವರಿಗೆ ಬರುವುದಿಲ್ಲ. ಆ ಕೆಲಸ ಮನೆಯಲ್ಲಿ ನನ್ನದು.

ತಾವು ರಜೆ ಹಾಕಿ ಗುಣವಾದಿರೆಂದು ಕೇಳಿ ನಿಜವಾಗಿಯೂ ಸಮಾಧಾನವಾಯಿತು. ಆ ಉರಿ ಶತ್ರುವಿಗೂ ಬೇಡ. ಆದರೆ ಅದೇ ಬೆಳಕನ್ನು ಇವರು ವರ್ಷಗಟ್ಟಲೆ ನೋಡಿದ್ದಾರೆ. ನಾನು ಬಟ್ಟೆ ಹೊಲಿಯುವವಳು. ಮದುವೆಯಾದ ದಿನದಿಂದ ನನ್ನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಇವರೇ. ಮೊನ್ನೆ ದಾರದ ತುದಿಯನ್ನು ಸೂಜಿಯ ಪಕ್ಕದ ಗಾಳಿಗೆ ಚುಚ್ಚುತ್ತಾ ಕುಳಿತಿದ್ದರು. "ಈ ಸೂಜಿ ಸರಿಯಿಲ್ಲ ಕಣೇ" ಎಂದರು. ನಾನೂ ಹೌದೆಂದೆ. ಹೀಗೇ ಮುಂದುವರಿದರೆ ಹೋದ ದೃಷ್ಟಿ ಮರಳುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ನನಗೆ ಭಯವಾಗುತ್ತಿದೆ, ಮಾನ್ಯರೇ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿದೆ.

ಆದ್ದರಿಂದ ಮುಂದಿನ ಸಲ ಹೇಳದೆ ಕೇಳದೆ ಬನ್ನಿ. ಬೀರುವಿನ ಬೀಗ ತೆಗೆಸಿ, ಪ್ರತಿಯೊಬ್ಬ ಬೆಸುಗೆಯವನಿಗೂ ಹೆಲ್ಮೆಟ್ಟು, ಕೈಗವಸು ಕೊಡಿಸಿ, ಹೊಗೆ ಹೊರಹೋಗುವ ಏರ್ಪಾಡು ಮಾಡಿಸಿ. ಆ ಪ್ಲಾಸ್ಟಿಕ್ ಹಾಳೆಯನ್ನು ತಮ್ಮ ಕೈಯಾರೆ ಕಿತ್ತುಹಾಕಿ. ಇದಾವುದೂ ಆಗದಿದ್ದರೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಇನ್ನೊಂದು ದಿನ ಇವರ ಪಕ್ಕ ನಿಲ್ಲಿ. ಒದ್ದೆ ಬಟ್ಟೆ ನಾನು ಕೊಡುತ್ತೇನೆ.

ಇಂತಿ,
ತನ್ನ ಸೂಜಿಗೆ ಈಗ ತಾನೇ ದಾರ ಪೋಣಿಸಿಕೊಳ್ಳುವ,
ತಮ್ಮ ಫೋಟೋದಲ್ಲಿ ಮುಖ ಕಾಣದ ವೆಲ್ಡರನ ಹೆಂಡತಿ