ಬಲಗಡೆ ಒಂದೇ ಮಾತು

2319ನೇ ಇಸವಿ, ಮಾರ್ಚ್ ಮೂವತ್ತನಾಲ್ಕು
ಬೆಣ್ಣೆಹಳ್ಳದ ದಂಡೆ

2027ರ ಜೂನ್ ತಿಂಗಳಲ್ಲಿ ನಿಮ್ಮ ಕಾಲದ ನಾಲ್ವರು ಕೂಡಿ ಪರೀಕ್ಷೆ ಬರೆಯುವವರಿಗಾಗಿ ಒಂದು ಪಟ್ಟಿ ಮಾಡಿದರು. ಎಡಗಡೆ ಕಠಿಣ ಇಂಗ್ಲಿಷ್ ಪದ, ಬಲಗಡೆ ಅದರ ಅರ್ಥ, ಅದೂ ಕನ್ನಡದ ಒಂದೇ ಮಾತು. ಉಳಿದ ಮಾತುಗಳನ್ನು ಜಾಗವಿಲ್ಲವೆಂದು ಹೊಡೆದುಹಾಕಿದರು. ಆ ಅನ್ಯಾಯದ ಬಗ್ಗೆ ನಿಮ್ಮ ಕಾಲದ ದಿನಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಅದನ್ನು ನಾನು ಕಲಿತದ್ದು ಹಳೆಯ ಪುಸ್ತಕಗಳಿಂದ. ತಾರೀಖು ತಪ್ಪಿಲ್ಲ, ಬೇಸಿಗೆ ಉದ್ದವಾದ ಮೇಲೆ ನಮ್ಮ ಮಾರ್ಚ್‌ಗೆ ನಲವತ್ತು ದಿನ.

ಆ ಪಟ್ಟಿಯನ್ನು ನಾವು ಇಬ್ಬದಿ ಎನ್ನುತ್ತೇವೆ. ಬೆಳಗ್ಗೆ ನೀರಿನ ಸರದಿಯಲ್ಲಿ ಅದನ್ನು ಒಪ್ಪಿಸಬೇಕು. ಮುಂದಿನವರು ಎಡ ಹೇಳಿದರೆ ಹಿಂದಿನವರು ಬಲ ಹೇಳುತ್ತಾರೆ. ರೇಜ್, ಕೋಪ. ವ್ರಾತ್, ಕೋಪ. ಫ್ಯೂರಿ, ಕೋಪ. ಇಂಡಿಗ್ನೇಷನ್, ಅದೂ ಕೋಪ. ತಪ್ಪಿದವರು ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಬೇಕು. ನಿಮ್ಮ ಮಕ್ಕಳು ಆ ಪಟ್ಟಿ ಓದಿ ಕೆಲಸ ಹಿಡಿದರು, ಮೊಮ್ಮಕ್ಕಳು ಅದನ್ನೇ ಕಚೇರಿಯ ಕನ್ನಡ ಮಾಡಿದರು. ಬಲಗಡೆ ಇಲ್ಲದ ಮಾತನ್ನು ಇಂದು ಯಾವ ದಾಖಲೆಯೂ ಒಪ್ಪುವುದಿಲ್ಲ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ನನಗೆ ನಾಲ್ಕು ಸಾವಿರ ಪದ ಬರುತ್ತವೆ. ಅದನ್ನು ಕಲಿಸುವುದೇ ನನ್ನ ಉದ್ಯೋಗವಾಗಿತ್ತು.

ಸಾಯುವವರ ಮಾತನ್ನು ಬರೆದಿಡುವ ಪದ್ಧತಿಯೂ ನಮ್ಮಲ್ಲಿದೆ. ಅದಕ್ಕೆ ಕೊನೆನುಡಿ ಎಂದು ಹೆಸರು. ಬರೆಯುವವನು ಇಬ್ಬದಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಪಕ್ಕ ಕೂರುತ್ತಾನೆ. ನನ್ನ ತಾಯಿ ಚೆನ್ನವೀರವ್ವ ತೀರಿಕೊಂಡಾಗ ನಾನು ಕರಾವಳಿಯಲ್ಲಿ ಪಾಠ ಹೇಳುತ್ತಿದ್ದೆ. ಮೂರು ವರ್ಷ ಹಬ್ಬಕ್ಕೂ ಮನೆಗೆ ಬಂದಿರಲಿಲ್ಲ. ಬಂದಾಗ ಕೊನೆನುಡಿ ಓದಿ ಹೇಳಿದರು: ಮಗಳ ಮೇಲೆ ಕೋಪವಿದೆ. ಕೋಪ ಬರೆಸಿಕೊಂಡವರು ಸಮಾಧಿಗೆ ಮಣ್ಣು ಹಾಕುವಂತಿಲ್ಲ. ನಾನು ಅವಳ ಮುಖವನ್ನೂ ನೋಡದೆ ಸ್ಮಶಾನದ ಬೇಲಿಯ ಹೊರಗೆ ನಿಂತೆ. ಆಮೇಲೆ ಇಪ್ಪತ್ತೆರಡು ವರ್ಷ ಈ ಊರಿಗೆ ಕಾಲಿಡಲಿಲ್ಲ.

ಹೋದ ವಾರ ಬಂದೆ. ತಾಯಿಯ ಪಕ್ಕದ ಮನೆಯ ಸಾವಂತ್ರೆವ್ವನಿಗೆ ಈಗ ತೊಂಬತ್ತರ ಹತ್ತಿರ. ನನ್ನನ್ನು ಕಂಡವಳೇ ಬೈದಳು. “ಹುಚ್ಚಿ, ನಿಮ್ಮವ್ವ ಕ್ವಾಪ ಅಂತ ಎಲ್ಲಿ ಅಂದಿದ್ಲು? ನಗಾಕತ್ತಿದ್ಲಬೇ! ಬ್ಯಾರೆ ಏನೋ ಅಂದ್ಲು. ಆ ಬರ್ಯಾವ ಪಟ್ಟ್ಯಾಗಿಲ್ಲ ಅಂದ. ಹಂಗಾರ ನಿನಗ ತಿಳಿದಂಗ ಬರ್ಕೊಳಪಾ, ಮಗಳು ಬಂದಾಕಿ ನನ್ನ ಮಾರಿ ನೋಡಿದ್ರ ತಿಳೀತೈತಿ ಅಂದ್ಲು.”

ಏನಂದಳು ಎಂದು ಕೇಳಿದೆ.

“ನಾಲಿಗಿ ತುದ್ಯಾಗ ಐತಿ. ಹೊರಗ ಬರವಲ್ದು.”

ಗ್ರಂಥಾಲಯದ ಹಳೆಯ ಪುಸ್ತಕಗಳಲ್ಲಿ ಮೂರು ದಿನ ಹುಡುಕಿದೆ. ಸಿಟ್ಟು, ಸೆಡವು, ಕಿನಿಸು, ರೋಷ. ಇವೆಲ್ಲ ನಿಮ್ಮ ಬಾಯಲ್ಲಿದ್ದವು. ಕೊನೆಗೆ ಮುನಿಸು ಸಿಕ್ಕಿತು. ಹತ್ತಿರದವರ ಮೇಲಷ್ಟೇ ಬರುವುದು, ಅವರು ಬಂದು ಮಾತಾಡಿಸಿದರೆ ಹೋಗುವುದು. ಓಡಿ ಬಂದು ಸಾವಂತ್ರೆವ್ವನ ಎದುರು ಆ ಮಾತನ್ನು ಎರಡು ಸಲ ಹೇಳಿದೆ. ಅವಳು ಅದನ್ನು ತುಟಿಯಲ್ಲೇ ಆಡಿಸಿ ನೋಡಿದಳು. “ಇರಬೇಕವ್ವಾ” ಎಂದಳು. ಅಷ್ಟೇ. ಅಂದಿನಿಂದ ಎಷ್ಟೋ ಸಲ ಬೇಲಿಯ ತನಕ ಹೋಗಿ ಹಿಂತಿರುಗಿದ್ದೇನೆ. ಒಳಗೆ ಹೋಗಲು ನನಗೆ ತಾಯಿ ಆಡಿದ ಮಾತೇ ಬೇಕು, ‘ಇರಬೇಕು’ ಎನ್ನುವುದು ಸಾಲದು.

ನಿಮ್ಮ ಕಾಲದ ದಿನಪತ್ರಿಕೆಗಳ ಕಟ್ಟುಗಳು ಇಲ್ಲಿ ಉಳಿದಿವೆ. ನೀವು ಅಚ್ಚು ಹಾಕಿದ್ದು ನನಗೆ ಮುಟ್ಟುತ್ತದೆ. ಆ ಜೂನ್‌ನಿಂದ ಒಂದೊಂದೇ ಸಂಚಿಕೆ ಬಿಚ್ಚುತ್ತಿದ್ದೇನೆ, ಇನ್ನೂ ಯಾವ ಉತ್ತರವೂ ಸಿಕ್ಕಿಲ್ಲ. ಒಂದೇ ಮಾತು ಸಾಕೆಂದು ನಿರ್ಧರಿಸಿದವರು ಯಾರು? ಉಳಿದವನ್ನು ಯಾರನ್ನು ಕೇಳಿ ಹೊಡೆದುಹಾಕಿದರು? ಆ ನಾಲ್ವರೂ ತಮ್ಮ ಹೆಸರು ಹಾಕಿ, ಎಲ್ಲರೂ ಓದುವ ಪುಟದಲ್ಲಿ ಉತ್ತರ ಕೊಡಬೇಕು.